ಚುಕ್ಕಿ, ನಾನು ಮತ್ತು ಕಬ್ಬಿನ ಟ್ರ್ಯಾಕ್ಟರ್

"ಕುದುರಿ ಕೊಡಾಕಿ ಅದಿಯೇನವಾ?"

ಹೋದ ಮಾರ್ಚ್‌ನಲ್ಲಿ ನಮ್ಮ ಹಿತ್ತಲ ಬಾಗಿಲಿಗೆ ಬೈಕ್ ನಿಲ್ಲಿಸಿ ಒಬ್ಬರು ಹೀಗೆ ಕೇಳಿದರು. ಗಾಡಿ ಶರ್ಯತ್ತಿಗೆ ಕುದುರೆ ಕಟ್ಟುವವರು. ನನ್ನ ಬಲಗೈ ಪ್ಲಾಸ್ಟರ್ ಬಿಚ್ಚಿ ಒಂದು ವಾರ ಆಗಿತ್ತಷ್ಟೇ. ಅವ್ವ ಅಡುಗೆಮನೆಯಿಂದಲೇ "ಒಯ್ಯರಿ, ಇವತ್ತ ಒಯ್ಯರಿ" ಅಂದಳು. ಅಪ್ಪ ಏನೂ ಅನ್ನದೆ ನನ್ನ ಮುಖ ನೋಡಿದ. ನಾನು "ವಿಚಾರ ಮಾಡಿ ಹೇಳ್ತೀನ್ರಿ" ಅಂದೆ.

ಅವತ್ತು ರಾತ್ರಿ ಹಾಸಿಗೆಯಲ್ಲಿ ಮಲಗಿ ಯೋಚಿಸುವಾಗ, ಕುದುರೆ ಮಾರಿಬಿಟ್ಟರೆ ಬೆಳಿಗ್ಗೆ ಎದ್ದು ಹತ್ತಬೇಕಿಲ್ಲ ಅನ್ನಿಸಿ ಎದೆ ಹಗುರಾಯಿತು. ಹಾಗೆ ಹಗುರಾಯಿತಲ್ಲ ಅಂತಲೇ ಆಮೇಲೆ ಅಳು ಬಂತು.

ಹಿನ್ನೆಲೆ ಹೇಳಿಬಿಡ್ತೀನಿ. ನನಗೆ ಮೂವತ್ನಾಲ್ಕು. ಬೆಂಗಳೂರಿನ ಕಂಪನಿ ಕೆಲಸ, ಮನೆಯಿಂದಲೇ ಮಾಡುವ ಅನುಕೂಲ ಸಿಕ್ಕಿದ್ದರಿಂದ ಊರು ನೇಸರಗಿಗೆ ಬಂದಿದ್ದೀನಿ. ಬೆಂಗಳೂರಲ್ಲಿದ್ದಾಗ ವಾರಾಂತ್ಯಗಳಲ್ಲಿ ಹತ್ತು ಕ್ಲಾಸ್ ಕುದುರೆ ಸವಾರಿ ಕಲಿತಿದ್ದೆ. ಬೇಲಿ ಹಾಕಿದ ಅಂಗಳ, ವಯಸ್ಸಾದ ಕುದುರೆ, ಪಕ್ಕದಲ್ಲೇ ಮೇಷ್ಟ್ರು. ಹತ್ತೇ ಕ್ಲಾಸಿಗೆ ನನಗೆ ಸವಾರಿ ಬರ್ತದೆ ಅಂದುಕೊಂಡೆ. ಊರಿಗೆ ಬಂದ ವರ್ಷವೇ ಐದು ವರ್ಷದ ಹೆಣ್ಣು ಕುದುರೆ ಕೊಂಡೆ. ಕಂದು ಮೈ, ಹಣೆಯಲ್ಲಿ ಬಿಳಿ ಮಚ್ಚೆ. ಹೆಸರು ಚುಕ್ಕಿ.

ಮೊದಲ ತಪ್ಪು ಅದೇ. ಕಲಿಯುವವರಿಗೆ ಕಲಿತ ಕುದುರೆ ಬೇಕು. ಚುಕ್ಕಿಯೂ ಹೊಸಬಳು, ನಾನೂ ಹೊಸಬಳು. ಇಬ್ಬರಲ್ಲಿ ಒಬ್ಬರಿಗಾದರೂ ದಾರಿ ಗೊತ್ತಿರಬೇಕಿತ್ತು.

ಬಿದ್ದ ದಿನ

ಜನವರಿ. ಆಫೀಸಲ್ಲಿ ರಿಲೀಸ್ ಇತ್ತು, ಐದು ದಿನ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಚುಕ್ಕಿಯೂ ಐದು ದಿನ ಕಟ್ಟಿದಲ್ಲೇ ಇದ್ದಳು. ಪಾಪ ಅಂತ ದಾಣಿ ಮಾತ್ರ ಜಾಸ್ತಿ ಹಾಕುತ್ತಿದ್ದೆವು, ಹುರುಳಿ ಮತ್ತು ಕಡಲೆ. ಆರನೇ ದಿನ ಸಂಜೆ ಜೀನು ಬಿಗಿದು ಹೊಲದ ದಾರಿಗೆ ಹೊರಟೆ.

ದಾರಿಯಲ್ಲಿ ಒಂದು ಸಣ್ಣ ಸೇತುವೆ ಇದೆ, ಎರಡೂ ಕಡೆ ಮೊಣಕಾಲೆತ್ತರದ ಕಟ್ಟೆ. ಅಲ್ಲಿಗೆ ಬಂದಾಗ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ: ಹಿಂದೆ ಎರಡು ಟ್ರೇಲರ್, ಮುಂದೆ ಎದೆ ನಡುಗಿಸುವ ಸ್ಪೀಕರ್. ಚುಕ್ಕಿ ಗಕ್ಕನೆ ಪಕ್ಕಕ್ಕೆ ಹಾರಿದಳು. ನಾನು ಎರಡೂ ಲಗಾಮು ಜಗ್ಗಿ ಹಿಡಿದು, ಮುಂದಕ್ಕೆ ಬಗ್ಗಿ, ಎರಡೂ ಕಾಲಿಂದ ಅವಳ ಹೊಟ್ಟೆ ಅವುಚಿದೆ. ಆಮೇಲೆ ನೆನಪಿರುವುದು ಕಟ್ಟೆಯ ಪಕ್ಕದ ಮಣ್ಣು, ಮುರಿದ ಮಣಿಕಟ್ಟು, ಮತ್ತು ಬಿರುಕು ಬಿಟ್ಟ ಹೆಲ್ಮೆಟ್. ಆ ಬಿರುಕು ನನ್ನ ತಲೆಬುರುಡೆಗೆ ಬೀಳಬೇಕಿದ್ದದ್ದು. ತಲೆಗೆ ಏಟು ಬಿದ್ದಿತ್ತು ಅಂತ ಡಾಕ್ಟರು ಒಂದು ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಂಡರು.

ಚೆನ್ನಮ್ಮನ ನಾಡಿನಾಕಿ!

ಮೂಳೆ ಆರು ವಾರದಲ್ಲಿ ಕೂಡಿತು. ಭಯ ಹೋಗಲಿಲ್ಲ. ದಿನಾ ಒಂದು ನೆವ. ಇವತ್ತು ಮೀಟಿಂಗ್, ಇವತ್ತು ಬಿಸಿಲು, ಇವತ್ತು ಅಮಾವಾಸ್ಯೆ. ಜೀನು ಮುಟ್ಟಿದರೆ ಅಂಗೈ ಬೆವರುತ್ತಿತ್ತು.

ಊರಲ್ಲಿ ಯಾರು ಸಿಕ್ಕರೂ ಒಂದೇ ಮಾತು: "ಚೆನ್ನಮ್ಮನ ನಾಡಿನಾಕಿ ಆಗಿ ಕುದುರಿಗಿ ಹೆದರ್ತಿಯೇನ?" ನಮ್ಮ ಸೀಮೆಯಲ್ಲಿ ಇದನ್ನು ತಪ್ಪಿಸಿಕೊಳ್ಳೋಕೆ ಆಗಲ್ಲ. ಒಂದು ಕಡೆ ಕಿತ್ತೂರು, ಇನ್ನೊಂದು ಕಡೆ ಅವಳ ಸಮಾಧಿ ಇರುವ ಬೈಲಹೊಂಗಲ. ತಾಲ್ಲೂಕಿನಲ್ಲೇ ಬೆಳವಡಿ, ಹೆಂಗಸರ ಪಡೆ ಕಟ್ಟಿದ ಮಲ್ಲಮ್ಮನ ಊರು. ಹುಬ್ಬಳ್ಳಿಗೆ ಹೋದರೆ ವೃತ್ತದಲ್ಲೇ ಕುದುರೆ ಮೇಲೆ ಕತ್ತಿ ಹಿಡಿದ ರಾಣಿ.

ಆದರೆ ಒಂದು ವಿಷಯ ಯಾರೂ ನೆನಪಿಸಿಕೊಳ್ಳಲ್ಲ. 1778ರಲ್ಲಿ ಕಾಕತಿಯಲ್ಲಿ ಹುಟ್ಟಿದ ಚೆನ್ನಮ್ಮ ಕುದುರೆ ಸವಾರಿ ಕಲಿತದ್ದು ಚಿಕ್ಕ ಹುಡುಗಿಯಾಗಿದ್ದಾಗ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಮುಂದೆ ಥ್ಯಾಕರೆ ಸತ್ತುಬಿದ್ದಾಗ ಅವಳಿಗೆ ನಲವತ್ತಾರರ ಆಸುಪಾಸು. ಆ ಧೈರ್ಯದ ಹಿಂದೆ ಅಷ್ಟು ವರ್ಷಗಳ ರೂಢಿ ಇತ್ತು. ಫೋನಿನಲ್ಲಿ ನಾನು ಕಣ್ಣರಳಿಸಿ ನೋಡುವ ಫವಾದ್ ಮಿರ್ಜಾ ಕೂಡ ಹಾಗೆಯೇ. ಬೆಂಗಳೂರಿನ ಈ ಸವಾರ ಟೋಕಿಯೊ ಒಲಿಂಪಿಕ್ಸ್‌ಗೆ ಹೋದಾಗ, ಇಪ್ಪತ್ತು ವರ್ಷಗಳ ನಂತರ ಭಾರತದಿಂದ ಒಬ್ಬ ಕುದುರೆ ಸವಾರ ಅಲ್ಲಿಗೆ ಹೋದಂತಾಗಿತ್ತು. ಅವರೂ ಬಾಲ್ಯದಿಂದ ಕುದುರೆ ಜೊತೆ ಬೆಳೆದವರು. ನನ್ನ ಹತ್ತು ಕ್ಲಾಸನ್ನು ಇಂಥವರ ಪಕ್ಕ ಇಟ್ಟು ನಾಚಿಕೊಳ್ಳುವುದರಲ್ಲಿ ಅರ್ಥವಿರಲಿಲ್ಲ.

"ಬಿದ್ದ ಕೂಡಲೇ ಹತ್ತಿಬಿಡಬೇಕಿತ್ತು" ಅನ್ನೋ ಮಾತು ಕೇಳಿ ಕೇಳಿ, ಏಪ್ರಿಲ್‌ನಲ್ಲಿ ಒಂದು ದಿನ ಹಲ್ಲು ಕಚ್ಚಿ ಹತ್ತಿದೆ. ಎರಡು ನಿಮಿಷ. ಚುಕ್ಕಿ ಕಿವಿ ಹಿಂದಕ್ಕೆ ಹಾಕಿ ನಿಂತಲ್ಲೇ ತಿರುಗತೊಡಗಿದಳು. ಕೈಕಾಲು ನಡುಗಿ ಇಳಿದುಬಿಟ್ಟೆ. ಅವತ್ತು ಅಪ್ಪ ಗಡುವು ಹಾಕಿದ: "ಕಬ್ಬಿನ ಗಾಡಿ ಮತ್ತ ಶುರುವಾಗೂದರೊಳಗ ನೀನ ನಿಕಾಲಿ ಮಾಡು. ನೀ ಹತ್ತಲಿಲ್ಲಂದ್ರ ಅದನ್ನ ಕಟ್ಟಿ ಹಾಕೂದು ಪಾಪ."

ಅಜ್ಜ ಕೇಳಿದ ಎರಡು ಪ್ರಶ್ನೆ

ಮೇ ತಿಂಗಳಲ್ಲಿ ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಿದ್ದೆವು. ಕುರಿಗಾರರ ಜೊತೆ ಎರಡು ತಟ್ಟು ಕುದುರೆ. ಪಾತ್ರೆ, ಹಾಸಿಗೆ, ಗುಡಾರದ ಬಟ್ಟೆ, ಅದರ ಮೇಲೆ ಎರಡು ಮರಿ ಹೊತ್ತುಕೊಂಡು ಅವು ಲಾರಿ ಪಕ್ಕದಲ್ಲೇ ಕಣ್ಣು ಮಿಟುಕಿಸದೆ ನಡೆಯುತ್ತವೆ. ಅವರಲ್ಲಿ ಒಬ್ಬ ಅಜ್ಜ ಚುಕ್ಕಿಯನ್ನು ಸುತ್ತು ಹಾಕಿ ನೋಡಿದ.

"ಏನ ತಿನ್ನಸ್ತಿ ತಂಗಿ?"

ಹೇಳಿದೆ.

"ಎಷ್ಟ ದುಡಸ್ತಿ?"

ಸುಮ್ಮನಿದ್ದೆ.

ಅಜ್ಜ ನಕ್ಕ. "ಉಣ್ಣೂದು ಶರ್ಯತ್ತಿನ ಕುದುರಿ ಊಟ, ಮಾಡೂದು ಫೋಟೋದ ಕುದುರಿ ಕೆಲಸ. ಹಾರಲಾರದ ಏನ ಮಾಡತೈತಿ?"

ಪಶುವೈದ್ಯರನ್ನು ಕೇಳಿದಾಗ ಅವರೂ ಅದನ್ನೇ ಬೇರೆ ಮಾತಲ್ಲಿ ಹೇಳಿದರು. ಕುದುರೆ ದಿನದ ಬಹುಪಾಲು ನಡೆಯುತ್ತ ಮೇಯುವ ಪ್ರಾಣಿ. ಅದರ ಹೊಟ್ಟೆ ಸಣ್ಣದು, ಸ್ವಲ್ಪ ಸ್ವಲ್ಪ ಮೇವು ಸದಾ ಬೇಕು. ಕೆಲಸವಿಲ್ಲದ ದಿನ ಕಾಳು ಇಳಿಸಬೇಕು, ಮೇವು ಹೆಚ್ಚಿಸಬೇಕು, ಬಿಟ್ಟು ಓಡಾಡಿಸಬೇಕು. ಹುರುಳಿ ಕಡಿಮೆ ಮಾಡಿ, ಹಿತ್ತಲಿಗೆ ಬೇಲಿ ಹಾಕಿ ಹಗಲಿಡೀ ಬಿಟ್ಟೆವು. ಮೂರು ವಾರದಲ್ಲಿ ಚುಕ್ಕಿ ಬೇರೆ ಕುದುರೆ ಥರ ಆದಳು.

ಅರ್ಧ ಸಮಸ್ಯೆ ಅಲ್ಲಿಗೆ ಮುಗೀತು. ಉಳಿದರ್ಧ ನಾನು. ಅಜ್ಜ ಹೊರಡುವ ಮುಂಚೆ ಅದನ್ನೂ ಹೇಳಿದ್ದ: "ಅದಕ್ಕ ಟ್ರ್ಯಾಕ್ಟರಿಂದ ಅರ್ಧ ಅಂಜಿಕಿ, ನಿನ್ನಿಂದ ಅರ್ಧ."

ಇದು ಬರೀ ಮಾತಲ್ಲ. 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಜನ ಒಂದೇ ದಾರಿಯಲ್ಲಿ ನಾಲ್ಕು ಸಲ ಕುದುರೆ ನಡೆಸಬೇಕು ಅಥವಾ ಸವಾರಿ ಮಾಡಬೇಕು. ನಾಲ್ಕನೇ ಸಲಕ್ಕೆ ಮುಂಚೆ "ಈ ಬಾರಿ ಪಕ್ಕದಲ್ಲಿ ಒಂದು ಛತ್ರಿ ಬಿಚ್ಚುತ್ತೇವೆ" ಅಂತ ಅವರಿಗೆ ಹೇಳಿದರು. ಛತ್ರಿ ಬಿಚ್ಚಲೇ ಇಲ್ಲ. ಆದರೂ ಜನರ ಎದೆಬಡಿತ ಏರಿತು, ಕುದುರೆಗಳದ್ದೂ ಏರಿತು. ಛತ್ರಿ ಇದ್ದದ್ದು ಸವಾರನ ತಲೆಯೊಳಗೆ ಮಾತ್ರ!

ನನ್ನ ಟ್ರ್ಯಾಕ್ಟರೂ ಹಾಗೇ. ದಾರಿ ಖಾಲಿ ಇದ್ದಾಗಲೂ ನಾನು ಉಸಿರು ಬಿಗಿಹಿಡಿಯುತ್ತಿದ್ದೆ, ಮುಂದಕ್ಕೆ ಬಗ್ಗುತ್ತಿದ್ದೆ, ಕಾಲು ಒತ್ತುತ್ತಿದ್ದೆ. ಕಾಲು ಒತ್ತಿದರೆ ಕುದುರೆಗೆ "ನಡೆ" ಅಂತ ಅರ್ಥ. ಲಗಾಮು ಜಗ್ಗಿದರೆ "ನಿಲ್ಲು" ಅಂತ. ಬಿದ್ದ ದಿನ ಎರಡನ್ನೂ ಒಟ್ಟಿಗೆ ಹೇಳಿದ್ದೆ. ಪಾಪ ಅವಳು ಯಾವುದನ್ನು ಕೇಳಬೇಕು?

ನೆಲದಿಂದ ಶುರು

ಜೂನ್ ಇಡೀ ನಾನು ಹತ್ತಲಿಲ್ಲ. ಹತ್ತಲ್ಲ ಅಂತ ನಾನೇ ನಿರ್ಧಾರ ಮಾಡಿದ್ದರಿಂದ ನೆವ ಹುಡುಕುವ ಕೆಲಸ ತಪ್ಪಿತು. ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ, ಲಾಗಿನ್ ಆಗುವ ಮುಂಚೆ. ಮೈ ತಿಕ್ಕುವುದು, ಗೊರಸು ಎತ್ತಿ ಮಣ್ಣು ತೆಗೆಯುವುದು, ಹಗ್ಗ ಹಿಡಿದು ನಡೆಸುವುದು. ನಾನು ನಿಂತರೆ ಅವಳೂ ನಿಲ್ಲಬೇಕು, ನಡೆದರೆ ನಡೆಯಬೇಕು. ಕುದುರೆಗೆ ಸುತ್ತಲೂ ಹೆಚ್ಚುಕಡಿಮೆ 350 ಡಿಗ್ರಿ ಕಾಣುತ್ತದೆ, ಆದರೆ ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಕಾಣಲ್ಲ. ಹಾಗಾಗಿ ಯಾವಾಗಲೂ ಹೆಗಲ ಕಡೆಯಿಂದ, ಮಾತಾಡಿಸುತ್ತ ಹೋಗುವುದು ಕಲಿತೆ. ಅವಳ ಕಿವಿ, ಬಾಲ, ಉಸಿರು ನೋಡಿ ಮನಸ್ಸು ತಿಳಿಯೋದು ಬಂತು. ನನ್ನ ಭಯದಲ್ಲಿ ಹೆಚ್ಚಿನದು "ಇವಳು ಯಾವಾಗ ಏನು ಮಾಡ್ತಾಳೋ" ಅನ್ನೋದೇ ಆಗಿತ್ತು. ಮುನ್ಸೂಚನೆ ಕಾಣತೊಡಗಿದ ಮೇಲೆ ಅದು ತಾನಾಗಿಯೇ ಇಳಿಯಿತು.

ಜುಲೈನಲ್ಲಿ ಬೇಲಿಯೊಳಗೆ ಹತ್ತಿದೆ. ಅಪ್ಪ ಹಗ್ಗ ಹಿಡಿದ. ಮೊದಲ ದಿನ ಹತ್ತಿ, ಕೂತು, ಇಳಿದೆ. ಅಷ್ಟೇ. ಆಮೇಲೆ ಒಂದು ಸುತ್ತು, ಎರಡು ಸುತ್ತು. ದಿನಾ ಡೈರಿಯಲ್ಲಿ ಭಯಕ್ಕೆ ಹತ್ತರಲ್ಲಿ ಎಷ್ಟು ಅಂತ ಅಂಕ ಬರೆಯುತ್ತಿದ್ದೆ. ಆರು ದಾಟಿದರೆ ಹಿಂದಿನ ದಿನದ ಪಾಠಕ್ಕೇ ವಾಪಸ್. ಮೂರಕ್ಕೆ ಇಳಿದರೆ ಮಾತ್ರ ಹೊಸ ಪಾಠ. ನಿಮ್ಮಲ್ಲಿ ಯಾರಾದರೂ ಇದೇ ಪಾಡಿನಲ್ಲಿದ್ದರೆ, ನನಗೆ ಉಪಯೋಗಕ್ಕೆ ಬಂದ ಕೆಲವು ರೂಢಿ ಹೇಳ್ತೀನಿ:

- ಹತ್ತುವ ಮುಂಚೆ ಜೀನಿನ ಹೊಟ್ಟೆಪಟ್ಟಿ ಎರಡು ಸಲ ನೋಡಿ. ಕೆಲವು ಕುದುರೆ ಬಿಗಿಯುವಾಗ ಹೊಟ್ಟೆ ಉಬ್ಬಿಸುತ್ತವೆ.
- ಸವಾರಿ ಹೆಲ್ಮೆಟ್, ಹಿಮ್ಮಡಿ ಇರುವ ಬೂಟು. ಚಪ್ಪಲಿ, ಸ್ಪೋರ್ಟ್ಸ್ ಶೂ ಬೇಡ, ಕಾಲು ರಿಕಾಪಿನಲ್ಲಿ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಬಲವಾದ ಏಟು ತಿಂದ ಹೆಲ್ಮೆಟ್ ಮತ್ತೆ ಹಾಕಬೇಡಿ.
- ಭಯವಾದಾಗ ಉಸಿರು ಬಿಡಿ. ಹಾಡು ಗುನುಗಿ, ಗುನುಗುವಾಗ ಉಸಿರು ಕಟ್ಟಲು ಆಗಲ್ಲ.
- ಕಣ್ಣು ಕುದುರೆಯ ಕುತ್ತಿಗೆ ಮೇಲಲ್ಲ, ಹೋಗಬೇಕಾದ ದಾರಿ ಮೇಲಿರಲಿ.
- ಓಟಕ್ಕೆ ಏರುವ ಮೊದಲೇ ಒಂದೇ ಲಗಾಮಿನಿಂದ ತಲೆ ಪಕ್ಕಕ್ಕೆ ತಿರುಗಿಸಿ ನಿಲ್ಲಿಸುವುದನ್ನು, ನಿಧಾನ ನಡಿಗೆಯಲ್ಲಿ, ಗೊತ್ತಿದ್ದವರ ಹತ್ತಿರ ಕಲಿಯಿರಿ.
- ಒಬ್ಬರೇ ಹೋಗಬೇಡಿ.

ಮತ್ತೆ ಆ ಸೇತುವೆ

ಅಕ್ಟೋಬರ್ ಬಂತು. ಕಿತ್ತೂರು ಉತ್ಸವದ ಬ್ಯಾನರ್ ಕಟ್ಟಿದ್ದರು. ಅದಾಗಿ ಸ್ವಲ್ಪ ದಿನಕ್ಕೆ ಒಂದು ಸಂಜೆ ನಾನು ಚುಕ್ಕಿ ಮೇಲೆ, ಅಪ್ಪ ಸೈಕಲ್ ಮೇಲೆ, ಹೊಲದ ದಾರಿ ಹಿಡಿದೆವು. ಸೇತುವೆ ಇನ್ನೇನು ಬಂತು ಅನ್ನುವಾಗ ಸ್ಪೀಕರ್ ಸದ್ದು. ಈ ವರ್ಷದ ಮೊದಲ ಕಬ್ಬಿನ ಗಾಡಿ.

ಅಂಕ ಏಳು, ಎಂಟು, ಒಂಬತ್ತು.

ಇಳಿದೆ. ಹೌದು, ಇಳಿದುಬಿಟ್ಟೆ. ರಸ್ತೆ ಪಕ್ಕದ ಹೊಲಕ್ಕೆ ಕರೆದುಕೊಂಡು ಹೋಗಿ, ಗಾಡಿ ಅವಳಿಗೆ ಚೆನ್ನಾಗಿ ಕಾಣುವ ಹಾಗೆ ತಿರುಗಿಸಿ, ಹೆಗಲ ಹತ್ತಿರ ನಿಂತೆ. ಅಪ್ಪ ಕೈ ಎತ್ತಿದ. ಡ್ರೈವರ್ ಹುಡುಗ ಒಳ್ಳೆಯವನು, ಹಾಡು ಬಂದ್ ಮಾಡಿದ. ಚುಕ್ಕಿ ಕಿವಿ ನೆಟ್ಟಗೆ ಮಾಡಿ ಒಂದು ಹೆಜ್ಜೆ ಸರಿದಳು. ನಾನು ಗುನುಗುತ್ತಿದ್ದೆ. ಎರಡೂ ಟ್ರೇಲರ್ ದಾಟಿದ ಮೇಲೆ ಅವಳು ಫುರ್ ಅಂತ ಉಸಿರು ಬಿಟ್ಟು ತಲೆ ಇಳಿಸಿ ಹುಲ್ಲಿಗೆ ಬಾಯಿ ಹಾಕಿದಳು.

ಮತ್ತೆ ಹತ್ತಬೇಕಲ್ಲ. ನೆಲದಿಂದ ಹತ್ತುವುದು ನನಗೆ ಇನ್ನೂ ಕಷ್ಟ. ಸುತ್ತ ನೋಡಿದೆ. ಸೇತುವೆಯ ಕಟ್ಟೆ ಇತ್ತು, ಜನವರಿಯಲ್ಲಿ ನಾನು ಬಿದ್ದ ಜಾಗ. ಅದರ ಮೇಲೆ ನಿಂತು ಹತ್ತಿದೆ.

ಮನೆವರೆಗೂ ನಡಿಗೆಯಲ್ಲೇ ಬಂದೆವು. ಓಟವಿಲ್ಲ, ರೀಲ್ ಇಲ್ಲ. ಮರುದಿನ ಶರ್ಯತ್ತಿನವರಿಗೆ ಫೋನ್ ಮಾಡಿ "ಕೊಡೂದಿಲ್ರಿ" ಅಂದೆ.

ಭಯ ಹೋಯಿತಾ ಅಂತ ಕೇಳಬೇಡಿ, ಹೋಗಿಲ್ಲ. ಇವತ್ತಿನ ಅಂಕ ನಾಲ್ಕು. ಆದರೆ ಏಳಾದರೆ ಏನು ಮಾಡಬೇಕು ಅಂತ ನನಗೆ ಗೊತ್ತು, ಚುಕ್ಕಿಗೂ ಗೊತ್ತು. ಸ್ಕೂಟರಿಂದ ಬಿದ್ದು ಮತ್ತೆ ಹ್ಯಾಂಡಲ್ ಮುಟ್ಟದವರು, ಈಜಲು ಹೋಗಿ ನೀರು ಕುಡಿದು ಹಿಂದೆ ಬಂದವರು ನಿಮ್ಮಲ್ಲೂ ಇದ್ದೀರಿ. ದಡದಲ್ಲಿ ಒಂದು ತಿಂಗಳು ಕೂತರೂ ಪರವಾಗಿಲ್ಲ, ಕೂತಿರುವಾಗ ನೀರು ನೋಡ್ತಾ ಇರಿ.

ಅವ್ವ ಈಗ "ಒಯ್ಯರಿ" ಅನ್ನಲ್ಲ. ಬೆಳಿಗ್ಗೆ ನಾನು ಹೊರಡುವಾಗ ಒಳಗಿಂದ ಒಂದೇ ದನಿ ಬರ್ತದೆ: "ಏ, ಹೆಲ್ಮೆಟ್!"