ಬೀಗ ಯಾರಿಗಾಗಿ?



ಮನೆಯ ಮುಂಬಾಗಿಲಿಗೆ ಮೂರು ಬೀಗ ಹಾಕಿ, ಹಿತ್ತಲಿನ ಸಾಮಾನು ಶೆಡ್ಡಿಗೆ ಒಂದು ತುಂಡು ತಂತಿ ಸುತ್ತಿ ಊರಿಗೆ ಹೊರಡುವುದು ನಮ್ಮಲ್ಲಿ ಅನೇಕರ ವಾಡಿಕೆ. "ಅಲ್ಲೇನಿದೆ, ಒಂದು ಗುದ್ದಲಿ, ಒಂದು ಹಾರೆ, ನಾಲ್ಕು ಪೈಪು" ಎಂಬ ಸಮಾಧಾನ. ಆದರೆ ಆ ಶೆಡ್ಡಿನಿಂದ ಏನಾದರೂ ಕಾಣೆಯಾದ ದಿನ ನಮ್ಮ ಬಾಯಿಂದ ಹೊರಡುವ ಮೊದಲ ಮಾತು ಸಾಮಾನಿನ ಬಗ್ಗೆ ಇರುವುದಿಲ್ಲ, ಮನುಷ್ಯರ ಬಗ್ಗೆ ಇರುತ್ತದೆ. "ನಿನ್ನೆ ಹುಲ್ಲು ಕತ್ತರಿಸಲು ಬಂದಿದ್ದವನು ಯಾರು?" ಈ ಲೇಖನವನ್ನು ಬರೆಯಲು ಆ ಪ್ರಶ್ನೆಯೇ ಕಾರಣ. ಗಟ್ಟಿಯಾದ ಬೀಗ ಯಜಮಾನನ ಸ್ವತ್ತನ್ನು ಮಾತ್ರವಲ್ಲ, ಅವನ ಬಳಿ ದುಡಿಯುವವನ ಮಾನವನ್ನೂ ಕಾಯುತ್ತದೆ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ನಾನು ನೆಲೆಸಿರುವ ವೈಟ್‌ಫೀಲ್ಡ್ ಭಾಗಕ್ಕೂ ತೋಟಕ್ಕೂ ಹಳೆಯ ನಂಟಿದೆ. 1882ರಲ್ಲಿ ಮೈಸೂರಿನ ಮಹಾರಾಜರಾಗಿದ್ದ ಹತ್ತನೆಯ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ ಸಮುದಾಯದ ಸಂಘಕ್ಕೆ ಇಲ್ಲಿ ಸುಮಾರು 3,900 ಎಕರೆ ಭೂಮಿ ನೀಡಿದರು. ಸಂಘವನ್ನು ಕಟ್ಟಿದ ಡಿ. ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ಆ ಕುಟುಂಬಗಳು ಬೇಸಾಯ ಮಾಡಿ ಬದುಕಲಿ ಎಂಬುದೇ ಆ ವಸಾಹತಿನ ಉದ್ದೇಶವಾಗಿತ್ತು. 1990ರ ದಶಕದಲ್ಲಿ ಟೆಕ್ ಪಾರ್ಕ್ ಮೇಲೆದ್ದಿತು, 2023ರಲ್ಲಿ ಮೆಟ್ರೋ ಕಾಡುಗೋಡಿಯವರೆಗೂ ಬಂದಿತು. ತೋಟಗಳು ನಿವೇಶನಗಳಾದವು. ಆದರೂ ವರ್ತೂರು, ಕಾಡುಗೋಡಿ, ಹೊಸಕೋಟೆಗಳ ಕಡೆ ಇಂದಿಗೂ ಕೈತೋಟ, ಕೊಳವೆಬಾವಿ, ಅದರ ಪಕ್ಕದಲ್ಲೊಂದು ತಗಡಿನ ಶೆಡ್ಡು ಕಾಣಸಿಗುತ್ತವೆ. ಆನೇಕಲ್ ಕಡೆಯ ತೋಟಗಳ ಕಥೆಯೂ, ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳ ಹಿಂಬದಿಯ ಶೆಡ್ಡಿನ ಕಥೆಯೂ ಇದಕ್ಕಿಂತ ಬೇರೆಯಲ್ಲ.

ಹಿಂದೆ ಹಳ್ಳಿಗಳಲ್ಲಿ ಕಾವಲಿಗೆ ತಳವಾರ, ತೋಟಿ ಎಂಬವರಿದ್ದರು. ಬೆಳೆ ಕಾಯುವುದು, ಊರಿಗೆ ಬಂದುಹೋಗುವವರನ್ನು ಗಮನಿಸುವುದು ಅವರ ಹೊಣೆ. ಸುಗ್ಗಿಯಲ್ಲಿ ಅವರಿಗೆ ಆಯ ಸಲ್ಲುತ್ತಿತ್ತು. 1961ರ ಶಾಸನದಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದವು. ಹುಟ್ಟಿನಿಂದ ಕೆಲಸವನ್ನು ಕಟ್ಟಿಹಾಕುವ ಪದ್ಧತಿ ಹೋದದ್ದು ಒಳ್ಳೆಯದೇ ಆಯಿತು. ಆದರೆ ಊರಿನಲ್ಲಿ ಎಲ್ಲರನ್ನೂ ಹೆಸರು ಹಿಡಿದು ಬಲ್ಲ ಒಬ್ಬ ಮನುಷ್ಯನಿರುತ್ತಿದ್ದನೆಂಬುದನ್ನು ಮರೆಯಬಾರದು. ಇಂದಿನ ಬಡಾವಣೆಯಲ್ಲಿ ನಮಗೆ ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲ. ಗೊತ್ತಿಲ್ಲದವರ ನಡುವೆ ಕಳವಾದರೆ ಅನುಮಾನ ಬಡವನ ಕಡೆಗೇ ಹರಿಯುತ್ತದೆ.

ಇದಕ್ಕೊಂದು ನಿದರ್ಶನ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಒಬ್ಬರ ಪಂಪ್ ಶೆಡ್ಡಿನಿಂದ ಸ್ಟಾರ್ಟರ್ ಹಾಗೂ ಸುಮಾರು ಉದ್ದದ ಕೇಬಲ್ ಕಳವಾಯಿತು. ಅಲ್ಲಿ ತೋಟದ ಕೆಲಸ ಮಾಡುತ್ತಿದ್ದವನು ರಾಯಚೂರು ಕಡೆಯಿಂದ ಹೆಂಡತಿ ಮಕ್ಕಳೊಡನೆ ಬಂದಿದ್ದ ಯುವಕ. ಯಾರೂ ದೂರು ಕೊಡಲಿಲ್ಲ. ಆದರೆ ಒಂದೇ ವಾರದಲ್ಲಿ ಮೂರು ಮನೆಗಳವರು ಅವನಿಗೆ "ಇನ್ನು ಬರಬೇಡ" ಎಂದರು. ಅವನು ನನ್ನ ಬಳಿ ಬಂದು, "ಮೇಷ್ಟ್ರೇ, ನನ್ನ ಗುಡಿಸಲು ಬಂದು ನೋಡ್ರಿ" ಎಂದಷ್ಟೇ ಹೇಳಿದ. ನಾನು ಅವನ ಪರವಾಗಿ ಆ ಮನೆಗಳವರೊಡನೆ ಮಾತನಾಡಿದರೂ ಪ್ರಯೋಜನವಾಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಆ ಕುಟುಂಬ ಊರು ಬಿಟ್ಟಿತು. ಕದ್ದವರು ಯಾರೆಂಬುದು ಇಂದಿಗೂ ಗೊತ್ತಾಗಿಲ್ಲ. ಆ ಶೆಡ್ಡಿನ ಬಾಗಿಲನ್ನು ನಾನು ನೋಡಿದ್ದೆ. ಬೀಗ ದಪ್ಪನೆಯದೇ, ಚಿಲಕವನ್ನು ಕೂರಿಸಿದ್ದುದು ಮಾತ್ರ ಹೊರಗಿನಿಂದ ಹಾಕಿದ ನಾಲ್ಕು ಗಿಡ್ಡ ಸ್ಕ್ರೂಗಳ ಮೇಲೆ. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಒಂದು ತಿರುಪುಳಿಯಿಂದ ಬಿಚ್ಚಬಹುದಿತ್ತು. ಯಾರು ಬೇಕಾದರೂ ತೆರೆಯಬಹುದಾದ ಬಾಗಿಲಿಗೆ ಒಬ್ಬನನ್ನೇ ಹೊಣೆ ಮಾಡುವುದು ಯಾವ ನ್ಯಾಯ?

"ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ" ಎಂಬ ಗಾದೆಯನ್ನು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ನಿಂತವನಾಗಿ ನಾನು ಈ ಗಾದೆಯನ್ನು ಅಷ್ಟಾಗಿ ನಂಬುವುದಿಲ್ಲ. ಕಂಪಾಸ್ ಪೆಟ್ಟಿಗೆಯೋ ಪೆನ್ನೋ ಕಳೆದುಹೋದಾಗ ಮೊದಲು ಮುಖ ಬಾಡುತ್ತಿದ್ದುದು, ಕಣ್ಣಲ್ಲಿ ನೀರು ತುಂಬುತ್ತಿದ್ದುದು ಹಲವು ಸಲ ಏನನ್ನೂ ಮುಟ್ಟದ ಬಡ ಹುಡುಗನದೇ. ತನ್ನ ಮೇಲೆ ಅನುಮಾನ ಬರುತ್ತದೆಂಬುದು ಅವನಿಗೆ ಮೊದಲೇ ಗೊತ್ತಿರುತ್ತಿತ್ತು. ನಿಮ್ಮಲ್ಲಿ ಕೆಲವರಿಗೆ ಅಂಥ ದಿನಗಳು ನೆನಪಿರಬಹುದು.

ಹಾಗಾದರೆ ಶೆಡ್ಡನ್ನು ಭದ್ರಪಡಿಸುವುದು ಹೇಗೆ? ಅದಕ್ಕೆ ದೊಡ್ಡ ಖರ್ಚು ಬೇಕಾಗಿಲ್ಲ.

ಮೊದಲನೆಯದು ಬಾಗಿಲು. ಬೀಗದ ಶಕ್ತಿ ಚಿಲಕದ ಶಕ್ತಿಗಿಂತ ಹೆಚ್ಚಾಗಲಾರದು. ಅರ್ದೇಶಿರ್ ಗೋದ್ರೇಜ್ ಅವರು 1897ರಲ್ಲಿ ಮುಂಬಯಿಯಲ್ಲಿ ಬೀಗ ತಯಾರಿಕೆ ಆರಂಭಿಸಿದಂದಿನಿಂದ ನಮ್ಮ ದೇಶದಲ್ಲಿ ಒಳ್ಳೆಯ ಬೀಗಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಅದನ್ನು ನೇತುಹಾಕುವ ಚಿಲಕದಲ್ಲಿ. ಸ್ಕ್ರೂ ತೆಗೆದು, ತಲೆ ದುಂಡಗಿರುವ ಬೋಲ್ಟುಗಳನ್ನು ಬಾಗಿಲಿನ ಆಚೆಯಿಂದ ಈಚೆಗೆ ತೂರಿಸಿ, ಒಳಗಡೆ ನಟ್ಟು ಬಿಗಿಯಿರಿ. ಹೊರಕ್ಕೆ ತೆರೆಯುವ ಬಾಗಿಲಾದರೆ ಕೀಲಿನ ಕಡ್ಡಿ ಹೊರಗಿರುತ್ತದೆ. ಅದನ್ನು ಹೊಡೆದು ತೆಗೆಯಲಾಗದಂತೆ ತುದಿಗೆ ಬೆಸುಗೆ ಹಾಕಿಸಿರಿ. ಬೀಗದ ಕೊಂಡಿ ಗಿಡ್ಡದಾಗಿದ್ದಷ್ಟೂ ಹಾರೆಯ ತುದಿ ಒಳನುಗ್ಗಲು ಜಾಗವಿರುವುದಿಲ್ಲ.

ಎರಡನೆಯದು ಛಾವಣಿ. ತಗಡಿನ ಹಾಳೆಗಳನ್ನು ಹಿಡಿದಿರುವ ಕೊಕ್ಕೆ ಬೋಲ್ಟುಗಳ ನಟ್ಟು ಇರುವುದು ಮೇಲ್ಗಡೆ, ಅಂದರೆ ಹೊರಗಡೆ. ಒಂದು ಸ್ಪಾನರ್ ಇದ್ದರೆ ಹಾಳೆ ಸರಿಸಿ ಇಳಿಯಬಹುದು. ನಟ್ಟು ಬಿಗಿದ ಮೇಲೆ ಬೋಲ್ಟಿನ ತುದಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿಸಿದರೆ ಅದು ಸುಲಭವಾಗಿ ಬಿಚ್ಚದು.

ಮೂರನೆಯದು ತಾಮ್ರ. ಕೇಬಲ್ಲಿಗೆ ಕಳ್ಳರ ಕಣ್ಣು ಬೀಳಲು ಕಾರಣವಿದೆ. ಮೇಲಿನ ಹೊದಿಕೆಯನ್ನು ಸುಟ್ಟುಬಿಟ್ಟರೆ ತಂತಿಗೆ ಯಾವ ಗುರುತೂ ಉಳಿಯುವುದಿಲ್ಲ. ತಾಮ್ರವನ್ನು ಎಷ್ಟು ಸಲ ಕರಗಿಸಿದರೂ ಮತ್ತೆ ಬಳಸಬಹುದು, ಬೆಲೆಯೂ ಹೆಚ್ಚು. ಗುರುತು ಹಾಕಲಾಗದ್ದನ್ನು ಕಣ್ಣಿಗೆ ಕಾಣದಂತೆ ಇಡುವುದೇ ಉಪಾಯ. ಕೊಳವೆಬಾವಿಯಿಂದ ಶೆಡ್ಡಿನವರೆಗೆ ಕೇಬಲನ್ನು ಪೈಪಿನೊಳಗೆ ಹಾಯಿಸಿ ನೆಲದಲ್ಲಿ ಆಳವಾಗಿ ಹೂಳಿಸಿರಿ.

ನಾಲ್ಕನೆಯದು ಗುರುತು. ಮದುವೆಗೆ ಉಡುಗೊರೆಯಾಗಿ ಕೊಡುವ ಸ್ಟೀಲ್ ಪಾತ್ರೆಯ ಮೇಲೂ ಹೆಸರು, ದಿನಾಂಕ ಕೊರೆಸುವ ಜನ ನಾವು. ಆ ಹೆಸರಿನಿಂದಾಗಿಯೇ ಸಮಾರಂಭ ಮುಗಿದ ಮೇಲೆ ಪಾತ್ರೆಗಳು ಅವರವರ ಮನೆ ಸೇರುತ್ತವೆ. ಗುದ್ದಲಿ, ಸಲಿಕೆ, ಸ್ಟಾರ್ಟರ್ ಪೆಟ್ಟಿಗೆಗಳ ಮೇಲೂ ಹಾಗೆಯೇ ಕೊರೆಸಿದರೆ ಅವುಗಳನ್ನು ಗುಜರಿಗೆ ಮಾರುವವನಿಗೂ ಕೊಳ್ಳುವವನಿಗೂ ಅಳುಕು ಹುಟ್ಟುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ದಾಸ್ತಾನು ಪುಸ್ತಕವಿಟ್ಟು ವರ್ಷಕ್ಕೊಮ್ಮೆ ತಾಳೆ ನೋಡುತ್ತಿದ್ದಂತೆ, ಶೆಡ್ಡಿಗೂ ಒಂದು ಪಟ್ಟಿ ಇರಲಿ. ಮೋಟರಿನ ಕ್ರಮಸಂಖ್ಯೆಯ ಫೋಟೋ ಇರಲಿ. ಎಷ್ಟೋ ಸಲ ಕಳವಾಯಿತೆಂದು ನಾವು ಕೂಗಾಡಿದ ವಸ್ತು ನೆಂಟರ ಮನೆಗೆ ಎರವಲು ಹೋಗಿರುತ್ತದೆ!

ಇನ್ನೊಂದು ಎಚ್ಚರಿಕೆ. ಹಾರೆಯೂ ಏಣಿಯೂ ತೋಟಕ್ಕೆ ಬೇಕಾದವು ನಿಜ, ಆದರೆ ಮನೆಗೆ ಕನ್ನ ಹಾಕಲೂ ಅವೇ ಸಾಕು. ಏಣಿಯನ್ನು ಗೋಡೆಗೆ ಒರಗಿಸಿ ಬಿಡಬೇಡಿ. ಸರಪಳಿಯಿಂದ ಕಟ್ಟಿ ಬೀಗ ಹಾಕಿರಿ. ಬೀಗದ ಕೈಯನ್ನು ತುಳಸಿಕಟ್ಟೆಯ ಗೂಡಿನಲ್ಲೋ ಹೂಕುಂಡದ ಕೆಳಗೋ ಇಡುವ ಅಭ್ಯಾಸವನ್ನೂ ಬಿಡಿ. ಅದು ಎಲ್ಲರಿಗೂ ಗೊತ್ತಿರುವ ಜಾಗ. ಎಲ್ಲರಿಗೂ ಗೊತ್ತಿದ್ದರೆ ಅನುಮಾನವೂ ಎಲ್ಲರ ಮೇಲೆ.

"ಮಕ್ಕಳು ಕ್ಯಾಮೆರಾ ಹಾಕಿಸಿದ್ದಾರೆ, ಇಷ್ಟೆಲ್ಲ ಏಕೆ?" ಎಂದು ನೀವು ಕೇಳಬಹುದು. ಕ್ಯಾಮೆರಾ ಬೇಡವೆನ್ನುವವನು ನಾನಲ್ಲ. ಆದರೆ ಅದು ಹೆಚ್ಚಾಗಿ ನಡೆದುಹೋದದ್ದನ್ನು ತೋರಿಸುತ್ತದೆ; ಕತ್ತಲಲ್ಲಿ ಮುಖ ಮುಚ್ಚಿಕೊಂಡು ಬಂದವನನ್ನು ಸರಿಯಾಗಿ ತೋರಿಸುವುದೂ ಇಲ್ಲ. ಮಸುಕಾದ ಚಿತ್ರವನ್ನು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿ "ಇವನೇ" ಎಂದು ತೀರ್ಪು ಕೊಡುವುದಂತೂ ಕಳ್ಳತನಕ್ಕಿಂತ ಕಡಿಮೆಯ ತಪ್ಪೆಂದು ನನಗೆ ಅನಿಸುವುದಿಲ್ಲ.

ಕಳವಾದರೆ ಕಾನೂನಿದೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 305ನೆಯ ಕಲಮಿನಂತೆ ವಾಸದ ಮನೆಯಲ್ಲಷ್ಟೇ ಅಲ್ಲ, ಸ್ವತ್ತನ್ನು ಇಡಲು ಬಳಸುವ ಕಟ್ಟಡದಲ್ಲಿ ಕದ್ದರೂ ಏಳು ವರ್ಷಗಳವರೆಗೆ ಶಿಕ್ಷೆಯಾಗಬಹುದು. ಕಳವಿನ ಮಾಲೆಂದು ತಿಳಿದೂ ಕೊಳ್ಳುವುದು 317ನೆಯ ಕಲಮಿನಲ್ಲಿ ಅಪರಾಧ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನ್ಯ ಕಳವಿನಲ್ಲಿ ಮೊದಲ ಬಾರಿ ತಪ್ಪಿತಸ್ಥನಾದವನು ವಸ್ತುವನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ ವಿಧಿಸುವ ಅವಕಾಶವನ್ನು 303ನೆಯ ಕಲಮು ಕಲ್ಪಿಸಿದೆ. ಸಣ್ಣ ತಪ್ಪಿಗೆ ತಿದ್ದಿಕೊಳ್ಳುವ ದಾರಿಯನ್ನು ಕಾನೂನೇ ತೆರೆದಿಟ್ಟಿರುವಾಗ, ತಪ್ಪೇ ಸಾಬೀತಾಗದವನ ಅನ್ನ ಕಸಿಯಲು ನಾವು ಯಾರು? ಅನುಮಾನದ ಮೇಲೆ ಒಬ್ಬನನ್ನು ಕೂಡಿಹಾಕುವುದು, ಹೊಡೆಯುವುದು ಸ್ವತಃ ಅಪರಾಧವೆಂಬುದೂ ನೆನಪಿರಲಿ. ದೂರನ್ನು ಠಾಣೆಗೆ ಕೊಡಿ, ತನಿಖೆಯನ್ನು ಅವರಿಗೆ ಬಿಡಿ.

ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರಂತೆ ಎಂಬ ಮಾತಿದೆ. ಹಾಗಾಗದಿರಲು ಈ ಭಾನುವಾರ ಅರ್ಧ ದಿನ ಬಿಡುವು ಮಾಡಿಕೊಂಡು, ನಿಮ್ಮ ಶೆಡ್ಡಿನ ಚಿಲಕದ ಸ್ಕ್ರೂಗಳನ್ನು ಒಮ್ಮೆ ನೋಡಿ. ಬೋಲ್ಟು ಹಾಕುವಾಗ ತೋಟದ ಕೆಲಸದವನನ್ನೂ ಜೊತೆಗೆ ಕರೆದುಕೊಳ್ಳಿ, ಆ ಬೀಗ ಅವನ ಒಳಿತಿಗೂ ಹೌದೆಂದು ಅವನಿಗೆ ತಿಳಿಸಿ ಹೇಳಿ. ಹಾಗೆಯೇ, ಇಷ್ಟು ದಿನ ಕೇಳದಿದ್ದರೆ, ಅವನ ಹೆಸರನ್ನೂ ಊರನ್ನೂ ಕೇಳಿ ತಿಳಿದುಕೊಳ್ಳಿ.