ಕೂಲಿಂಗ್ ಟವರ್‌ನ ಪಾಚಿಗೆ ಮೊದಲ ಮದ್ದು ನೆರಳು

ಬೆಂಗಳೂರಿನ ರಾಜಾಜಿನಗರದಿಂದ ಪೀಣ್ಯದ ಕಡೆಗೆ ಹೋಗುವ ಮೆಟ್ರೊದಲ್ಲಿ ಕಿಟಕಿಯ ಬಳಿ ಜಾಗ ಸಿಕ್ಕರೆ ಕಾರ್ಖಾನೆಗಳ ಚಾವಣಿ ನೋಡುತ್ತಾ ಹೋಗಬಹುದು. ಶೀಟಿನ ಶೆಡ್ಡುಗಳ ನಡುವೆ ಅಲ್ಲಲ್ಲಿ ಗುಡಾಣದಂತೆ ಹೊಟ್ಟೆ ಉಬ್ಬಿದ, ನೆತ್ತಿಯ ಮೇಲೆ ಫ್ಯಾನ್ ತಿರುಗುವ ಫೈಬರ್ ಟವರ್‌ಗಳು. ಮೋಲ್ಡಿಂಗ್ ಯಂತ್ರ, ಕಂಪ್ರೆಸರ್, ಚಿಲ್ಲರ್‌ಗಳ ಬಿಸಿ ಹೊತ್ತು ಬಂದ ನೀರು ಅಲ್ಲಿ ಮಳೆಯಂತೆ ಸುರಿದು, ಒಂದಿಷ್ಟು ಆವಿಯಾಗಿ, ಉಳಿದದ್ದು ತಣಿದು ಮತ್ತೆ ಯಂತ್ರಕ್ಕೆ ಮರಳುತ್ತದೆ. ಹತ್ತಿರ ಹೋಗಿ ನೋಡಿದರೆ ತೊಟ್ಟಿಯ ಅಂಚಿನಲ್ಲಿ, ಗಾಳಿ ಎಳೆದುಕೊಳ್ಳುವ ಕಿಂಡಿಗಳಲ್ಲಿ ಹಸಿರು ಪಾಚಿ.

ಪಾಚಿ ಕಂಡ ಕೂಡಲೇ ಮಾಲೀಕರು ಕೆಮಿಕಲ್ ಡೀಲರ್‌ಗೆ ಫೋನ್ ಮಾಡುತ್ತಾರೆ. ಡ್ರಮ್ ಬರುತ್ತದೆ, ನಾಲ್ಕು ದಿನ ತೊಟ್ಟಿ ತಿಳಿಯಾಗುತ್ತದೆ, ತಿಂಗಳೊಳಗೆ ಮತ್ತೆ ಹಸಿರು. ಇದು ಔಷಧದ ತಪ್ಪಲ್ಲ, ಔಷಧವನ್ನೇ ಮೊದಲು ನೆನೆದ ತಪ್ಪು. ಪಾಚಿಗೆ ಬೇಕಾದ್ದು ಮೂರೇ: ಬಿಸಿಲು, ಬೆಚ್ಚಗಿನ ನೀರು, ರಂಜಕ-ಸಾರಜನಕದ ಗೊಬ್ಬರ. ಬೆಚ್ಚಗಿನ ನೀರನ್ನು ತಪ್ಪಿಸಲಾಗದು, ಟವರ್ ಇರುವುದೇ ಅದಕ್ಕೆ. ಬಿಸಿಲನ್ನು ಮಾತ್ರ ಒಮ್ಮೆ ಖರ್ಚು ಮಾಡಿ ತಡೆಯಬಹುದು. ದೊಡ್ಡ ಚೌಕ ಟವರ್‌ಗಳ ಮೇಲೆ ಬಿಸಿನೀರು ಹರಡುವ ತಟ್ಟೆಗೆ ಮುಚ್ಚಳ, ಗಾಳಿಯ ಕಿಂಡಿಗಳಿಗೆ ಗಾಳಿ ಬಿಟ್ಟು ಬೆಳಕು ತಡೆಯುವ ಬಾಗಿದ ಪಟ್ಟಿಗಳು, ತೊಟ್ಟಿಯ ಬಯಲು ಭಾಗಕ್ಕೊಂದು ಹೊದಿಕೆ ಸಾಕು. ಆದರೆ ಮುಚ್ಚಳ ಮಾರಿದವನಿಗೆ ಮುಂದಿನ ತಿಂಗಳು ವ್ಯಾಪಾರವಿಲ್ಲ. ಡ್ರಮ್ ಮಾರಿದವನಿಗೆ ತಿಂಗಳು ತಿಂಗಳೂ ಇದೆ.

ಕಣ್ಣಿಗೆ ಕಾಣುವ ಹಸಿರಿಗಿಂತ ಅದರಿಂದ ಹುಟ್ಟುವ ಲೋಳೆ ಹೆಚ್ಚು ದುಬಾರಿ. ಸತ್ತ ಪಾಚಿ ಕಿತ್ತು ಬಂದು ನಾಝಲ್ ಕಟ್ಟುತ್ತದೆ, ಬ್ಯಾಕ್ಟೀರಿಯಾಕ್ಕೆ ಆಹಾರವಾಗುತ್ತದೆ. ಬೆಳಕೇ ಇಲ್ಲದ ಕಂಡೆನ್ಸರ್ ಕೊಳವೆಯೊಳಗೆ ಪಾಚಿ ಬೆಳೆಯದು, ಲೋಳೆ ಬೆಳೆಯುತ್ತದೆ. ಅಷ್ಟೇ ದಪ್ಪದ ಸುಣ್ಣದ ಪದರಕ್ಕಿಂತ ಈ ಲೋಳೆ ಸುಮಾರು 4 ಪಟ್ಟು ಹೆಚ್ಚು ಶಾಖ ತಡೆಯುತ್ತದೆ. ಆ ಲೆಕ್ಕ ಕರೆಂಟ್ ಬಿಲ್ಲಿನಲ್ಲಿ ಬರುವುದರಿಂದ ಯಾರೂ ಅದನ್ನು ಪಾಚಿಯ ಖಾತೆಗೆ ಬರೆಯುವುದಿಲ್ಲ.

ಔಷಧ ಬೇಡವೆಂದಲ್ಲ. ಆದರೆ ಬ್ಲೀಚಿಂಗ್ ಪುಡಿ ಸುರಿಯುವವರು ನೀರಿನ ಪಿಎಚ್ ನೋಡಿರುವುದಿಲ್ಲ. ಆವಿಯಾಗುತ್ತಾ ಗಟ್ಟಿಯಾದ ಟವರ್ ನೀರಿನ ಪಿಎಚ್ 8.5ರ ಆಸುಪಾಸಿನಲ್ಲಿರುವುದು ಸಾಮಾನ್ಯ. ಅಲ್ಲಿ ಕ್ಲೋರಿನ್‌ನ ಸುಮಾರು ಹತ್ತನೇ ಒಂದು ಪಾಲು ಮಾತ್ರ ಚುರುಕಾದ ರೂಪದಲ್ಲಿರುತ್ತದೆ. ಅದೇ ಪಿಎಚ್‌ನಲ್ಲಿ ಬ್ರೋಮಿನ್ ಅರ್ಧಕ್ಕಿಂತ ಹೆಚ್ಚು ಚುರುಕಾಗಿರುತ್ತದೆ. ಸಾಲದ್ದಕ್ಕೆ ಬ್ಲೀಚಿಂಗ್ ಪುಡಿಯಲ್ಲಿ ಸುಣ್ಣವೂ ಇದೆ, ಬೋರ್‌ವೆಲ್‌ನ ಗಡಸು ನೀರಿಗೆ ಅದು ಇನ್ನಷ್ಟು ಗಾರು. ಇನ್ನು ಕೆಲವರು ಮೈಲುತುತ್ತು ಹಾಕುತ್ತಾರೆ. ಅಡಿಕೆಗೆ ಅದರಿಂದಲೇ ಮಾಡಿದ ಬೋರ್ಡೋ ಹೊಡೆದು ಬೆಳೆದ ಊರಿನವರಿಗೆ ಅದರ ಮೇಲೆ ನಂಬಿಕೆ ಇರುವುದು ಸಹಜ. ಆದರೆ ಅದರಲ್ಲಿನ ತಾಮ್ರ, ಸತುವಿನ ಲೇಪದ ತಗಡಿನ ಮೇಲೆ ಕೂತು ತಗಡನ್ನು ಸವೆಸುತ್ತದೆ, ಚರಂಡಿಗೆ ಬಿಟ್ಟ ಮೇಲೆ ಮೀನಿಗೂ ವಿಷ. ಕ್ಲೋರಿನ್ ಹಾಕಿ ನೀರು ತಿರುಗಿಸಿ, ಆಮೇಲೆ ಖಾಲಿ ಮಾಡಿ, ಬ್ರಶ್ ಹಿಡಿದು ಉಜ್ಜಿ, ಕಿತ್ತ ಪಾಚಿಯನ್ನು ಬಾಚಿ ಹೊರಹಾಕುವ ಹಳೆಯ ಕೆಲಸಕ್ಕೆ ಬದಲಿ ಇಲ್ಲ. ಉಜ್ಜುವವರ ಮೂಗಿಗೆ ಮಾಸ್ಕ್ ಇರಲೇಬೇಕು.

ಇಲ್ಲಿಯವರೆಗಿನದು ಕಾರ್ಖಾನೆಯ ಒಳಗಿನ ಮಾತು. 2024ರ ಬೇಸಿಗೆಯ ನೀರಿನ ಬರ ಇದನ್ನು ಊರಿನ ಮಾತಾಗಿಸಿತು. ಆ ಮಾರ್ಚ್‌ನಲ್ಲಿ ಜಲಮಂಡಳಿ ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ಕಾಮಗಾರಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತು, ಸಂಸ್ಕರಿಸಿದ ನೀರು ಕೊಳ್ಳಿ ಎಂದು ಉದ್ಯಮಗಳನ್ನು ಕರೆಯಿತು. ಕರೆದದ್ದು ಸರಿಯೇ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೊಮೀಟರ್ ಎತ್ತಿ ತಂದ ಕಾವೇರಿಯನ್ನು ಚಾವಣಿಯ ಮೇಲೆ ಆವಿ ಮಾಡುವುದು ಯಾವ ನ್ಯಾಯ? 100 ಟನ್ನಿನ ಚಿಲ್ಲರ್ ಪೂರ್ತಿ ಓಡಿದರೆ ಗಂಟೆಗೆ ಸುಮಾರು 600 ಲೀಟರ್ ಆವಿಯಾಗುತ್ತದೆ. ಯಲಹಂಕದ ರೈಲು ಗಾಲಿ ಕಾರ್ಖಾನೆ ಸಂಸ್ಕರಿಸಿದ ನೀರು ಕೊಂಡದ್ದು ಈ ಕರೆಗೆ ಎಷ್ಟೋ ಮೊದಲೇ.

ತೊಡಕಿರುವುದು ಆ ನೀರು ಹೊತ್ತು ತರುವ ಗೊಬ್ಬರದಲ್ಲಿ. ಕೆರೆಯಲ್ಲಿ ಪಾಚಿ ಏಳಲು ಲೀಟರಿಗೆ 0.03 ಮಿಲಿಗ್ರಾಂನಷ್ಟು ರಂಜಕ ಸಾಕು. ಸಾಮಾನ್ಯ ಸಂಸ್ಕರಣೆ ದಾಟಿ ಬಂದ ಕೊಳಚೆ ನೀರಿನಲ್ಲಿ ಅದು ಮಿಲಿಗ್ರಾಂಗಳ ಲೆಕ್ಕದಲ್ಲಿರುತ್ತದೆ. ಅಮೋನಿಯಾ ಉಳಿದಿದ್ದರೆ ಅದರ ಪ್ರತಿ ಮಿಲಿಗ್ರಾಂ ಸಾರಜನಕವೂ 8ರಿಂದ 10 ಮಿಲಿಗ್ರಾಂ ಕ್ಲೋರಿನ್ ನುಂಗಿದ ಮೇಲೆಯೇ ಪಾಚಿಯ ಪಾಲಿಗೆ ಮದ್ದು ಉಳಿಯುವುದು. ಮೇಲಾಗಿ ಟವರ್ ನೀರನ್ನು ಎಷ್ಟು ಗಟ್ಟಿಯಾಗಲು ಬಿಡಬೇಕೆಂಬ ಲೆಕ್ಕವೂ ಇಲ್ಲಿ ತಿರುಗಿಬೀಳುತ್ತದೆ. ಅದೇ 600 ಲೀಟರ್ ಆವಿಗೆ, ನೀರು 2 ಪಟ್ಟು ಗಟ್ಟಿಯಾದಾಗಲೇ ಚರಂಡಿಗೆ ಬಿಡುತ್ತಾ ಹೋದರೆ ಗಂಟೆಗೆ 1,200 ಲೀಟರ್ ಹೊಸ ನೀರು ಬೇಕು. 5 ಪಟ್ಟಿನವರೆಗೆ ತಡೆದುಕೊಂಡರೆ 750 ಲೀಟರ್ ಸಾಕು. ನೀರು ಉಳಿಸುವವನು 5 ಪಟ್ಟು ಬೇಕೆನ್ನುತ್ತಾನೆ, ಆದರೆ ರಂಜಕವೂ ಅಷ್ಟೇ ಪಟ್ಟು ಗಟ್ಟಿಯಾಗುತ್ತದೆ. ನೆರಳಿಲ್ಲದ ಟವರಿಗೆ ಸಂಸ್ಕರಿಸಿದ ನೀರು ತುಂಬಿ, ಪಾಚಿಗೆ ಹೆದರಿ ದಿನವೂ ಡ್ರೈನ್ ತೆರೆದರೆ ಉಳಿಸಿದ ಕಾವೇರಿ ಕಾಗದದ ಮೇಲೆ ಮಾತ್ರ.

ತೆರೆದ ಡ್ರೈನ್ ಹೋಗುವುದಾದರೂ ಎಲ್ಲಿಗೆ? ಬಸವೇಶ್ವರನಗರ, ವಿಜಯನಗರದ ಇಳಿಜಾರಿನ ನೀರೆಲ್ಲ ವೃಷಭಾವತಿಗೆ, ನಾಯಂಡಹಳ್ಳಿ, ಕೆಂಗೇರಿ ದಾಟಿ ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಮತ್ತೆ ಕಾವೇರಿಗೆ. ನಾವು ಚಾವಣಿಯ ಮೇಲೆ ಕೊಂದ ಪಾಚಿಯ ಗೊಬ್ಬರ, ಕೊಂದ ಮದ್ದಿನ ಜೊತೆಯಲ್ಲೇ ಹರಿದು ಹೋಗುತ್ತದೆ.

ಆರೋಗ್ಯದ ಮಾತನ್ನೂ ಬಿಡುವಂತಿಲ್ಲ. 2015ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್‌ನಲ್ಲಿ ಒಂದು ಹೋಟೆಲಿನ ಕೂಲಿಂಗ್ ಟವರ್‌ನಿಂದ ಹಾರಿದ ತುಂತುರಿನ ಮೂಲಕ ಲೀಜಿಯೊನೆಲ್ಲಾ ಹರಡಿ 16 ಮಂದಿ ಸತ್ತರು. ಆ ಬ್ಯಾಕ್ಟೀರಿಯಾ ಅಡಗಿ ಬೆಳೆಯುವುದು ಇಂಥ ಬೆಚ್ಚಗಿನ ಲೋಳೆಯಲ್ಲೇ. ಅದೇ ಆಗಸ್ಟಿನಲ್ಲಿ ಆ ನಗರ ಕಾನೂನು ತಂದು ಎಲ್ಲ ಟವರ್‌ಗಳನ್ನೂ ನೋಂದಾಯಿಸಿಕೊಂಡಿತು. ರಾಜಾಜಿನಗರದ ಕೈಗಾರಿಕಾ ಶೆಡ್ಡುಗಳ ಗೋಡೆಗೆ ಗೋಡೆ ತಾಗಿಕೊಂಡೇ ಮನೆಗಳಿವೆ. ಮಾಲ್, ಆಸ್ಪತ್ರೆಗಳ ಚಾವಣಿಯೂ ಸೇರಿದ ಅಂಥದೊಂದು ಪಟ್ಟಿ ಪಾಲಿಕೆಯ ಬಳಿ ಇರಬೇಕು.

ಜಲಮಂಡಳಿಯಿಂದ ಆಗಬೇಕಾದ್ದು ಇನ್ನೂ ಸರಳ. ಹಳ್ಳಿಯ ಡೇರಿಯಲ್ಲಿ ಹಾಲು ಹಾಕಿದ ರೈತನಿಗೆ ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ ಇಷ್ಟು ಎಂದು ಚೀಟಿ ಕೊಡುತ್ತಾರೆ, ದರ ಕಟ್ಟುವುದೂ ಅದರ ಮೇಲೆಯೇ. ಸಂಸ್ಕರಿಸಿದ ನೀರಿನ ಪ್ರತಿ ಟ್ಯಾಂಕರಿನ ಜೊತೆಗೂ ಅಮೋನಿಯಾ, ರಂಜಕ, ಗಡಸುತನ ಎಷ್ಟೆಂದು ಬರೆದ ಅಂಥದೇ ಒಂದು ಚೀಟಿ ಬರಲಿ, ರಂಜಕ ಹೆಚ್ಚಿದ್ದ ದಿನ ದರ ಇಳಿಯಲಿ.