ಕೊಂಡ ಕಾರಿನ ಬೀಗದ ಕೈ ಯಾರ ಬಳಿ?

ಕಕ್ಕಡದ ಮಳೆ ಹಿಡಿದು ಕೂತಿದ್ದ ಒಂದು ಸಂಜೆ. ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಬರುತ್ತಿದ್ದಾಗ ಮದೆನಾಡಿನ ಹತ್ತಿರ ಭಾವನ ಹೊಸ ಡೀಸೆಲ್ ಕಾರು ಮುಷ್ಕರ ಹೂಡಿತು. ಎಂಜಿನ್ ನಿಂತಿರಲಿಲ್ಲ. ಮುಂದೆ ಹಳದಿ ದೀಪವೊಂದು ಹತ್ತಿಕೊಂಡಿತ್ತು, ಎಕ್ಸಲರೇಟರ್ ಎಷ್ಟು ತುಳಿದರೂ ಕಾರು ಎತ್ತಿನಗಾಡಿಯ ನಡಿಗೆ ಬಿಡಲಿಲ್ಲ. ಹಿಂದಿನ ಸೀಟಿನಲ್ಲಿ ಮಂಗಳೂರಿನ ಆಸ್ಪತ್ರೆಯಿಂದ ಬಿಡುಗಡೆಯಾಗಿ ಬರುತ್ತಿದ್ದ ಉಮ್ಮ.

ಪರಿಚಯದ ಮೆಕಾನಿಕ್ ಕಾಕ ತಮ್ಮ ಹಳೆಯ ಜೀಪಿನಲ್ಲಿ ಬಂದರು. ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, ಕೈ ಒರೆಸಿಕೊಂಡರು. "ಎಂಜಿನ್‌ಗೆ ಏನೂ ಆಗಿಲ್ಲ ಮೋನೇ. ಕಂಪ್ಯೂಟರ್ ಬಿಡ್ತಾ ಇಲ್ಲ." ಕಂಪೆನಿಗೆ ಫೋನು ಮಾಡಿದರೆ ಮೈಸೂರಿಗೆ ಎಳೆದು ತನ್ನಿ ಎಂಬ ಅಪ್ಪಣೆ. ಉಮ್ಮ ಕಾಕನ ಜೀಪಿನಲ್ಲಿ ಮನೆ ಸೇರಿದರು. ಕಾರು ಇನ್ನೊಂದು ಗಾಡಿಯ ಬೆನ್ನೇರಿ ಮೈಸೂರಿಗೆ ಹೋಯಿತು. ಅಂಗೈಯಲ್ಲಿ ಮುಚ್ಚಿಹೋಗುವಂಥ ಒಂದು ಸೆನ್ಸರ್ ಕೆಟ್ಟಿತ್ತಂತೆ! ಬಿಲ್ಲಿನಲ್ಲಿ ಸೆನ್ಸರಿನ ಬೆಲೆಗಿಂತ ಅದು ಕೆಟ್ಟಿದೆ ಎಂದು ಹೇಳಿದ್ದಕ್ಕೆ ಹಾಕಿದ ಬೆಲೆಯೇ ದೊಡ್ಡದು.

ಕಂಪೆನಿಯ ಹೆಸರು ಬರೆಯುವುದಿಲ್ಲ. ಕಾಯಿಲೆ ಒಂದು ಕಂಪೆನಿಯದ್ದಲ್ಲ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾಗುವ ಹೊಸ ವಾಹನಗಳಿಗೆ ಭಾರತ್ ಸ್ಟೇಜ್-6 ನಿಯಮ ಬಂತು. ಹೊಗೆ ಕಡಿಮೆಯಾಗಬೇಕು, ಅದರಲ್ಲಿ ತಕರಾರಿಲ್ಲ. ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿಯೊಂದು ಬಂತು. ತುಂಬಿದ ಮಸಿ ಸುಟ್ಟು ಹೋಗಬೇಕಾದರೆ ಎಂಜಿನ್ ಚೆನ್ನಾಗಿ ಕಾದು, ಕಾರು ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ತೋಟದಿಂದ ಸಂತೆಗೆ, ಸಂತೆಯಿಂದ ಶಾಲೆಗೆ, ಎರಡನೇ ಗೇರಿನಲ್ಲೇ ಏರಿಳಿಯುವ ಕೊಡಗಿನವನಿಗೆ ಅಂಥ ರಸ್ತೆಯನ್ನು ಯಾರು ಹಾಸಿಕೊಟ್ಟಿದ್ದಾರೆ? ಜರಡಿ ಕಟ್ಟುತ್ತದೆ, ಇಲ್ಲವೇ ಕಟ್ಟಿದೆ ಎಂದು ಸೆನ್ಸರ್ ಸುಳ್ಳು ಹೇಳುತ್ತದೆ. ಎರಡೂ ಸಲ ಶಿಕ್ಷೆ ಒಳಗೆ ಕೂತವನಿಗೆ.

ಏರ್‌ಬ್ಯಾಗ್, ಎಬಿಎಸ್ ಬ್ರೇಕ್ ಕೂಡ ಎಲೆಕ್ಟ್ರಾನಿಕ್ಸೇ. ಅವು ಜೀವ ಉಳಿಸುತ್ತವೆ, ಇರಲಿ. ಆದರೆ ಜೀವರಕ್ಷಣೆಯ ಹೆಸರಿನಲ್ಲಿ ಬಾಗಿಲು ತೆರೆದುಕೊಂಡು ಒಳಗೆ ಬಂದದ್ದೇನು? ಗಾಳಿಬೀಡಿನ ಮಂಜಿನಲ್ಲಿ ಗಾಜು ಮಸುಕಾದರೆ ಹಿಂದೆ ಕಣ್ಣು ರಸ್ತೆಯ ಮೇಲಿಟ್ಟೇ ಗುಂಡಿ ತಿರುಗಿಸುತ್ತಿದ್ದೆವು. ಈಗ ಟಿವಿಯಂಥ ಪರದೆಯಲ್ಲಿ ಚಿತ್ರ ಹುಡುಕಿ ಬೆರಳು ಒತ್ತಬೇಕು, ಅಷ್ಟರಲ್ಲಿ ತಿರುವು ಬಂದಿರುತ್ತದೆ. ಇದು ಹಳಬನ ಗೊಣಗಾಟವಲ್ಲ. ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆಯೇ ಹಾರ್ನ್, ಇಂಡಿಕೇಟರ್, ವೈಪರ್‌ನಂಥವಕ್ಕೆ ಮುಟ್ಟಿ ತಿಳಿಯುವ ಗುಂಡಿಗಳಿರಬೇಕೆಂದು 2026ರಿಂದ ತನ್ನ ಪರೀಕ್ಷೆಯಲ್ಲಿ ಸೇರಿಸಿದೆ.

ಇನ್ನು ಟ್ಯಾಕ್ಸಿಯವರ ಪಾಡು. 2019ರ ಜನವರಿಯಿಂದ ಹೊಸ ಬಾಡಿಗೆ ವಾಹನಗಳಿಗೆ ಎಲ್ಲಿದೆಯೆಂದು ತಿಳಿಸುವ ಯಂತ್ರ ಮತ್ತು ಅಪಾಯದ ಗುಂಡಿ ಕಡ್ಡಾಯ. ಹೆಂಗಸರ ರಕ್ಷಣೆಗೆಂದು ಬಂದ ನಿಯಮ, ಉದ್ದೇಶ ಒಳ್ಳೆಯದೇ. ಮೊಬೈಲ್ ಸಿಗ್ನಲ್ಲೇ ಸಿಗದ ನಮ್ಮ ಕಾಡುದಾರಿಗಳಲ್ಲಿ ಆ ಗುಂಡಿ ಒತ್ತಿದರೆ ಯಾರಿಗೆ ಕೇಳಿಸುತ್ತದೆ?

ಈ ಜಿಲ್ಲೆಯನ್ನು ಹೊತ್ತದ್ದು ಜೀಪು. ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ಜೋಡಿಸಲು ಆರಂಭಿಸಿದ ವಿಲ್ಲೀಸ್ ಜೀಪಿನ ಮಕ್ಕಳು, ಮೊಮ್ಮಕ್ಕಳು ಇಲ್ಲಿನ ತೋಟಗಳಲ್ಲಿ ಇನ್ನೂ ಕಾಫಿ ಚೀಲ, ಸೌದೆ, ಗೊಬ್ಬರ, ಹೆರಿಗೆ ನೋವಿನ ಹೆಣ್ಣು, ಎಲ್ಲವನ್ನೂ ಹೊರುತ್ತಿವೆ. ಮಾಂದಲಪಟ್ಟಿಗೆ ಬರುವ ಬೆಂಗಳೂರಿಗರು ತಮ್ಮ ಪರದೆಯ ಕಾರುಗಳನ್ನು ಕೆಳಗೆ ಬಿಟ್ಟು ಬಾಡಿಗೆ ಜೀಪು ಹತ್ತುವುದನ್ನು ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ. ಆ ಜೀಪು ಹೊಗೆ ಉಗುಳುತ್ತದೆ, ಸೊಂಟ ಮುರಿಯುತ್ತದೆ, ಏರ್‌ಬ್ಯಾಗ್ ಇಲ್ಲ. ಆದರೆ ಒಂದು ಪಾನ, ಒಂದು ತುಂಡು ವಯರು ಸಿಕ್ಕರೆ ಎದ್ದು ನಡೆಯುತ್ತದೆ. ಅದರ ಹೊಟ್ಟೆಯಲ್ಲಿ ಗುಟ್ಟಿಲ್ಲ.

ಆ ಜೀಪುಗಳ ಅಡಿಯಲ್ಲಿ ಮಲಗಿ ಕಲಿತವರು ಯಾರು? ಸುಂಟಿಕೊಪ್ಪ, ಸಿದ್ದಾಪುರ, ಕುಶಾಲನಗರ, ವಿರಾಜಪೇಟೆಗಳಲ್ಲಿ ಶಾಲೆ ಬಿಟ್ಟ ನಮ್ಮ ಹುಡುಗರು. ಮುಸ್ಲಿಮರಲ್ಲಿ ಸಂಬಳದ ಕೆಲಸಕ್ಕಿಂತ ಸ್ವಂತ ದುಡಿಮೆ ಹೆಚ್ಚು, ಸಾಗಾಟ ಮತ್ತು ವಾಹನ ರಿಪೇರಿಯಂಥ ಕಸುಬುಗಳಲ್ಲಿ ಅವರ ಪಾಲು ದೊಡ್ಡದು ಎಂದು 2006ರ ಸಾಚಾರ್ ವರದಿಯೇ ಬರೆಯಿತು. ಸರಕಾರ ಕೆಲಸ ಕೊಡದಿದ್ದಾಗ ಗ್ಯಾರೇಜು ಕೊಟ್ಟಿತು. ಈಗ ಆ ಗ್ಯಾರೇಜಿನ ಬಾಗಿಲಿಗೆ ಕೀಲಿ ಜಡಿಯುತ್ತಿರುವುದು ಸಾಫ್ಟ್‌ವೇರ್. ಕಾಕನ ಕೈಯಲ್ಲಿ ಬುದ್ಧಿಗೆ ಕೊರತೆಯಿಲ್ಲ, ಕೊರತೆ ಇರುವುದು ಕಂಪೆನಿ ತನ್ನ ಹತ್ತಿರವೇ ಇಟ್ಟುಕೊಂಡ ಸ್ಕ್ಯಾನರಿನ ಕೋಡ್‌ಗೆ.

ಇದು ಅನ್ಯಾಯವೆಂದು ನಾನೊಬ್ಬನೇ ಹೇಳುತ್ತಿಲ್ಲ. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪೆನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಅವನ್ನು ಎಲ್ಲರಿಗೂ ಸಿಗುವಂತೆ ಮಾಡಿ ಎಂದೂ ಹೇಳಿತು. ಕಂಪೆನಿಗಳು ಮೇಲ್ಮನವಿಯ ಮೆಟ್ಟಿಲು ಹತ್ತಿದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಪೋರ್ಟಲ್ ಕಾನೂನಲ್ಲ, ಅದಕ್ಕೆ ಹಲ್ಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೇ ಮತ ಹಾಕಿ ಇಂಥ ಕಾನೂನು ಪಡೆದರು. ಬಂಡವಾಳದ ತವರಿನಲ್ಲೇ ಆದದ್ದು ಇಲ್ಲೇಕೆ ಆಗದು?

ಮಾರುವವನು ಸರಕಿನ ದೋಷ ಮುಚ್ಚಿಡಬಾರದೆಂದು ಪ್ರವಾದಿ(ಸ) ಸಂತೆಯಲ್ಲಿ ಧಾನ್ಯದ ರಾಶಿಗೆ ಕೈ ಹಾಕಿ ಒಳಗಿನ ಒದ್ದೆ ತೋರಿಸಿದ ಪ್ರಸಂಗ ಮದ್ರಸಾದ ಮಕ್ಕಳಿಗೂ ಗೊತ್ತು. ದುಡ್ಡು ಎಣಿಸಿಕೊಂಡ ಮೇಲೂ ವಸ್ತುವಿನ ಒಳಗನ್ನು ಕೊಂಡವನಿಂದಲೇ ಮುಚ್ಚಿಡುವ ಈ ವ್ಯಾಪಾರಕ್ಕೆ ಏನೆನ್ನಬೇಕು?

ನಾವೂ ಸಾಚಾ ಅಲ್ಲ. ಮದುವೆ ಮನೆಯ ಅಂಗಳದಲ್ಲಿ ಅಳಿಯನಿಗೆ ಕೊಟ್ಟ ಕಾರಿನ ಪರದೆ ಎಷ್ಟು ಇಂಚು, ಸನ್‌ರೂಫ್ ಇದೆಯೇ ಎಂದು ಕೇಳುವವರು ನಾವೇ. ವರ್ಷದ ಅರ್ಧ ಮಳೆ ಸುರಿಯುವ ಊರಿನಲ್ಲಿ ಸನ್‌ರೂಫ್! ಗಲ್ಫಿನ ದುಡ್ಡಿಗೂ ಬ್ಯಾಂಕಿನ ಬಡ್ಡಿ ಸಾಲಕ್ಕೂ ಕೊಂಡ ಆ ಡೌಲೇ ಕಂಪೆನಿಗಳಿಗೆ ಧೈರ್ಯ ಕೊಟ್ಟಿದ್ದು. ಜಮಾಅತ್ ಕಮಿಟಿಗಳು ಮದುವೆ ಹಾಲ್ ಕಟ್ಟುವ ಖರ್ಚಿನಲ್ಲಿ ಒಂದು ಪಾಲು ತೆಗೆದು ಗ್ಯಾರೇಜ್ ಹುಡುಗರಿಗೆ ಸ್ಕ್ಯಾನರ್ ಹಿಡಿಯಲು ಕಲಿಸಿದ್ದರೆ ಇವತ್ತು ಅರ್ಧ ಜಗಳ ನಮ್ಮ ಕಡೆ ಇರುತ್ತಿತ್ತು.

ಮುಂದಿನ ಸಲ ಶೋರೂಮಿಗೆ ಹೋದಾಗ ಪರದೆಯ ಇಂಚು ಬಿಡಿ. ಇದು ಕೆಟ್ಟರೆ ನನ್ನೂರಿನ ಮೆಕಾನಿಕ್ ತೆರೆದು ನೋಡಬಹುದೇ, ಬೇಕಾದ ಕೋಡ್ ಅವನಿಗೆ ಕೊಡುತ್ತೀರಾ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಭಾವ ಕೊಳ್ಳುವಾಗ ಕೇಳಿರಲಿಲ್ಲ. ಆಮೇಲೆ ಪತ್ರ ಬರೆದು ಕೇಳಿದರು. ಸರ್ವಿಸ್‌ನ ದಿನ ಬಂದಿದೆ ಎಂಬ ಸಂದೇಶ ಮಾತ್ರ ತಪ್ಪದೆ ಬರುತ್ತಿದೆ.